ದಳವಾಯಿ ಬೋರಯ್ಯನ ಅಕಾಲ ಮರಣ

ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸುಮಾರು ನಲವತ್ತು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಊಟವಾಗಿ ಎಲೆ ಅಡಿಕೆ ಮುಗಿಯುವಷ್ಟರೊಳಗೆ, ನನ್ನ ಮೂವರು ಆಪ್ತ ಸ್ನೇಹಿತರು ಸೇರಿ ನನ್ನನ್ನು ಹಗ್ಗದ ಸೇತುವೆಯೊಂದರ ಮೇಲೆ ಎಲ್ಲರಿಗಿಂತ ಮುಂದೆ ನಡೆಸಿ, ಕೆಳಗೆ ಬೀಳಿಸಿ, ಕೊಂದರು. ಆ ಹೊತ್ತಿನಲ್ಲಿ ನಾನು ಬಾಳೆಲೆ ಎಂಬ ಊರಿನ ಒಂದು ಗದ್ದೆಯ ಬದುವಿನ ಮೇಲೆ ಸರ್ವೆ ಸರಪಳಿ ಹಿಡಿದು, ಅಣ್ಣತಮ್ಮಂದಿರಿಬ್ಬರ ನಡುವೆ ಕಾಣೆಯಾದ ಗಡಿಕಲ್ಲನ್ನು ಹುಡುಕುತ್ತಿದ್ದೆ. ನಾನು ಸತ್ತ ಸುದ್ದಿ ನನಗೆ ತಿಳಿದದ್ದು ಮೂರು ದಿನಗಳ ಮೇಲೆ, ಮಡಿಕೇರಿಯ ಬಸ್ ನಿಲ್ದಾಣದಲ್ಲಿ, ಕಡಲೆಕಾಯಿ ತಿನ್ನುತ್ತ ನಿಂತಿದ್ದ ಕೊಲೆಗಾರರಲ್ಲೊಬ್ಬನ ಬಾಯಿಂದ.

ಓದುಗರು ಗಾಬರಿಯಾಗಬಾರದು. ಸತ್ತದ್ದು ನನ್ನ ದೇಹವಲ್ಲ, ದಳವಾಯಿ ಬೋರಯ್ಯ. ಆದರೆ ಬೋರಯ್ಯನೆಂದರೆ ನಾನೇ. ಇದನ್ನು ವಿವರಿಸಲು ಆಟದ ಪರಿಚಯ ಮಾಡಿಕೊಡಬೇಕಾಗುತ್ತದೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ಕಟ್ಟಿಕೊಂಡು, ಅದರ ಬಲ, ಬುದ್ಧಿ, ಆಯುಧ, ಚಪ್ಪಲಿಗಳನ್ನು ಸಹ ಕಾಗದದ ಮೇಲೆ ಬರೆದು, ಮೇಜಿನ ಸುತ್ತ ಕೂರುತ್ತಾರೆ. "ಎದುರಿಗೆ ಗುಹೆ ಇದೆ, ಒಳಗಿನಿಂದ ಗೊರಕೆ ಕೇಳುತ್ತಿದೆ, ಏನು ಮಾಡುತ್ತೀರಿ?" ಎಂದು ಕಥೆ ನಡೆಸುವವರು ಕೇಳಬೇಕು. ನಾವು ಏನು ಮಾಡುತ್ತೇವೆಂದು ಹೇಳಬೇಕು. ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಇಷ್ಟೇ. ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಒಂದೇ ಕಥೆಯನ್ನು ಹೀಗೆ ಆಡುತ್ತಾರೆ. ಸರ್ಕಾರಿ ಕೆಲಸದಲ್ಲಿದ್ದು, ವಾರದ ಆರು ದಿನ ಯಾರದೋ ಜಮೀನಿನ ಅಂಚಿನಲ್ಲಿ ನಡೆಯುವವನಿಗೆ ಏಳನೆಯ ದಿನ ದಳವಾಯಿಯಾಗುವ ಸುಖ ಏನೆಂಬುದನ್ನು ನಾನು ವರ್ಣಿಸಲಾರೆ.

ಆಟ ಕೊಡಗಿಗೆ ಬಂದದ್ದು ಹಡಗಿನಲ್ಲಿ. ಗಾಳಿಬೀಡಿನ ಕಾಫಿ ಬೆಳೆಗಾರ ಅಪ್ಪಚ್ಚು ನನ್ನ ಕಾಲೇಜು ಸಹಪಾಠಿ. ಅವನ ಸೋದರಮಾವನ ಮಗ ಹಡಗಿನಲ್ಲಿ ನೌಕರಿಗಿದ್ದವನು, ಯಾವುದೋ ಬಂದರಿನಲ್ಲಿ ಕೊಂಡ ನಿಯಮಪುಸ್ತಕವನ್ನೂ ಒಂದು ಡಬ್ಬಿ ದಾಳಗಳನ್ನೂ ತಂದು, ರಜೆ ಮುಗಿದಾಗ ಮರೆತು ಹೋದ. ನಾಲ್ಕು ಮುಖದವು, ಎಂಟು ಮುಖದವು, ಇಪ್ಪತ್ತು ಮುಖದವು, ಹೀಗೆ ಬಣ್ಣಬಣ್ಣದ ದಾಳಗಳು. ಅಂಗಳದಲ್ಲಿ ಒಣಹಾಕಿದ್ದ ಕಾಫಿಯ ಪಕ್ಕ ಯಾರೋ ಅವನ್ನು ಇಟ್ಟರು. ಮಿಂಚುವುದನ್ನು ಕಂಡು ಕೋಳಿಗಳು ಕುಕ್ಕಿದವು. ಇಪ್ಪತ್ತು ಮುಖದ್ದು ಮೋರಿಗೆ ಉರುಳಿತು. ಎಂಟು ಮುಖದ್ದನ್ನು ಒಂದು ಹುಂಜ ನುಂಗಿತು. ಆ ಹುಂಜ ಆಮೇಲೂ ಬಹಳ ದಿನ ಬದುಕಿತ್ತೆಂದು ಅಪ್ಪಚ್ಚುವಿನ ಅಕ್ಕ ಬೊಳ್ಳಮ್ಮ ಈಗಲೂ ಹೇಳುತ್ತಾಳೆ. ಬೋರಯ್ಯನ ಬಗ್ಗೆ ಆಕೆ ಅಷ್ಟು ಅಕ್ಕರೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಪುಸ್ತಕದ ಗತಿಯೂ ಅಷ್ಟೇ. ನಲವತ್ತೊಂದರಿಂದ ನಲವತ್ತೆಂಟನೆಯ ಪುಟದವರೆಗಿನ ಎಂಟು ಪುಟಗಳನ್ನು ಆ ಮನೆಯ ಹಿರಿಯರೊಬ್ಬರು ಹರಿದು ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿದ್ದರು. ಈ ಎಂಟು ಪುಟಗಳನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನಂತೂ ಮರೆತಿಲ್ಲ.

ಮುಖ್ಯವಾದ ಇಪ್ಪತ್ತು ಮುಖದ ದಾಳವೇ ಇಲ್ಲದ ಮೇಲೆ ಉಪಾಯ ಬೇಕಾಯಿತು. ಊರಿನ ಕ್ಲಬ್ಬಿನಲ್ಲಿ ಸಂಖ್ಯೆ ಕೂಗಿ ಹೌಸಿ ಆಡುವ ಮರದ ಬಿಲ್ಲೆಗಳ ಹಳೆಯ ಜೊತೆಯೊಂದು ಮೂಲೆಗೆ ಬಿದ್ದಿತ್ತು. ಅದರಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ಆರಿಸಿ ಬೊಳ್ಳಕ್ಕ ಒಂದು ಖಾಕಿ ಬಟ್ಟೆಯ ಚೀಲ ಹೊಲಿದಳು. ಚೀಲಕ್ಕೆ ಕೈಹಾಕಿ ಒಂದು ಬಿಲ್ಲೆ ತೆಗೆಯುವುದು, ಸಂಖ್ಯೆ ಓದುವುದು, ಮತ್ತೆ ಒಳಗೆ ಹಾಕುವುದು. ಇದೇ ನಮ್ಮ ದಾಳ. ಬಿಲ್ಲೆಗಳ ಉಸ್ತುವಾರಿ ನನ್ನದು. ಅಂಕಿ ಮಾಸಿದರೆ ನಕ್ಷೆ ಬರೆಯುವ ಕಪ್ಪು ಮಸಿಯಿಂದ ತಿದ್ದುತ್ತಿದ್ದೆ. ಗುಹೆಯ ನಕ್ಷೆ ಬರೆಯುವುದೂ ನನ್ನದೇ. ಅಳತೆ, ಉತ್ತರ ದಿಕ್ಕಿನ ಬಾಣ, ತಿರುವುಗಳ ಕೋನ ಎಲ್ಲವೂ ಇಲಾಖೆಯ ಪದ್ಧತಿಯಂತೆ. ಉಳಿದವರು ಖಜಾನೆಗಾಗಿ ಗುಹೆಗೆ ಹೋಗುತ್ತಿದ್ದರು. ನಾನು ಅಳೆಯುವುದಕ್ಕೆ ಹೋಗುತ್ತಿದ್ದೆ.

ನಾಲ್ಕನೆಯವನು ಭಾಗಮಂಡಲದ ಕುಶಾಲಪ್ಪ. ಆಗ ಮಡಿಕೇರಿ ಬಸ್ಸಿನ ಕಂಡಕ್ಟರು. ಅವನ ಪಾತ್ರ ಒಬ್ಬ ಮಾಂತ್ರಿಕ. ಬೊಳ್ಳಕ್ಕನದು ಬಿಲ್ಲುಗಾರ್ತಿ. ಕಥೆಯೊಳಗೆ ಜೊತೆಗೊಂದು ನಾಯಿ; ಅದನ್ನು ಯಾರೂ ಆಡುತ್ತಿರಲಿಲ್ಲ, ಸುಮ್ಮನೆ ಬರುತ್ತಿತ್ತು. ಕಥೆ ನಡೆಸುವವನು ಅಪ್ಪಚ್ಚು.

ಆ ಭಾನುವಾರಕ್ಕೆ ಮುಂಚಿನ ದಿನ ನಾನು ಕುಶಾಲಪ್ಪನ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸಿದ್ದೆ: "ಬಾಳೆಲೆಯಲ್ಲಿ ತುರ್ತು ಕೆಲಸವಿರುವುದರಿಂದ ಬರಲಾಗುವುದಿಲ್ಲ. ಬೋರಯ್ಯನನ್ನು ಗುಹೆಯ ಹೊರಗಿನ ಛತ್ರದಲ್ಲಿ ಉಳಿಸತಕ್ಕದ್ದು." ಇಷ್ಟು ಸ್ಪಷ್ಟವಾದ ಸೂಚನೆಯನ್ನು ಮೀರಿದ್ದೇಕೆಂದು ಆಮೇಲೆ ಕೇಳಿದಾಗ ಅಪ್ಪಚ್ಚು ಹೇಳಿದ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ಛತ್ರದಲ್ಲಿ ಒಬ್ಬನೇ ಎಂತ ಮಾಡುದು ಮಾರಾಯ ಅವ? ಬೇಜಾರಾಗ್ತದೆ ಅಂತ ಕರ್ಕೊಂಡು ಹೋದೆವು."

ಬೇಜಾರಾಗದಿರಲೆಂದು ಕರೆದೊಯ್ದು ಕೊಂದರು. ಸೇತುವೆಯ ಹಗ್ಗ ಹರಿಯಿತಂತೆ. ಕಬ್ಬಿಣದ ಕವಚ ತೊಟ್ಟವನು ಕೈಗೆ ಸಿಕ್ಕಿದ ಹಗ್ಗ ಹಿಡಿದು ನೇತಾಡಬೇಕಾದರೆ ಇಪ್ಪತ್ತೇ ಬರಬೇಕೆಂದು ಅಪ್ಪಚ್ಚು ವಿಧಿಸಿದನಂತೆ. ನನ್ನ ಪರವಾಗಿ ಬೊಳ್ಳಕ್ಕ ಚೀಲಕ್ಕೆ ಕೈಹಾಕಿದಳಂತೆ, ಬರಲಿಲ್ಲವಂತೆ. ಕನಿಕರಪಟ್ಟು ಮೂರು ಸಲ ಅವಕಾಶ ಕೊಟ್ಟರಂತೆ. ಮೂರು ಸಲವೂ ಬರಲಿಲ್ಲವಂತೆ. ಬೊಳ್ಳಕ್ಕ ಚೀಲವನ್ನು ಸರಿಯಾಗಿ ಕುಲುಕದೆ ಮೇಲುಮೇಲಿನ ಬಿಲ್ಲೆಯನ್ನೇ ಎತ್ತಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಅದನ್ನು ನಾನು ಆಕೆಯ ಮದುವೆಯಲ್ಲಿ ಹೇಳಿದ್ದೇನೆ. ಆಕೆಯ ಮಗನ ಮದುವೆಯಲ್ಲೂ ಹೇಳಿದ್ದೇನೆ. ಹತ್ತಿರ ನಿಂತಿದ್ದ ಬೀಗರಿಗೆ ವಿಷಯ ತಿಳಿಯದೆ, "ಏನು, ಅಮ್ಮನ ಕೈಗುಣ ಚೆನ್ನಾಗಿಲ್ಲವಾ?" ಎಂದು ಕೇಳಿದರು. ನಾನು ಸತ್ಯವನ್ನೇ ಹೇಳಿದೆ: ಚೆನ್ನಾಗಿಲ್ಲ.

ಇನ್ನು ಸತ್ತ ಮೇಲಿನ ಅವಮಾನ. ಕಂದಕಕ್ಕೆ ಬಿದ್ದ ಬೋರಯ್ಯನ ಬಳಿಗೆ ಇವರು ಹಗ್ಗ ಇಳಿಬಿಟ್ಟು ಇಳಿದರು. ಗಮನಿಸಿ: ಹೆಣದ ಬಳಿಗೆ ಇಳಿಯಲು ಹಗ್ಗವಿತ್ತು. ಬೀಳುತ್ತಿದ್ದವನಿಗೆ ಎಸೆಯಲು ಇರಲಿಲ್ಲ. ಇಳಿದವರು ಅತ್ತರೇ? ಇಲ್ಲ. ಅವನ ಸಾಮಾನನ್ನು ಹಂಚಿಕೊಂಡರು. ಸತ್ತವನ ಸೊತ್ತಿನ ವಿಚಾರ ಪುಸ್ತಕದ ಹರಿದ ಪುಟಗಳಲ್ಲಿ ಇದ್ದಿರಬಹುದೆಂದು ಊಹಿಸಿ, ಅದರ ಬದಲಿಗೆ ಊರಿನ ಹಳೆಯ ಬೇಟೆಯ ಪಾಲಿನ ಕ್ರಮವನ್ನು ಹಿಡಿದರು. ಬೇಟೆ ನಿಂತು ಎಷ್ಟು ಕಾಲವಾದರೂ ಅದರ ಕ್ರಮ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಮೊದಲು ಹೊಡೆದವನಿಗೆ ತಲೆ ಮತ್ತು ತೊಡೆ, ಜೊತೆಗೆ ಬಂದವರಿಗೆಲ್ಲ ಒಂದೊಂದು ಪಾಲು, ನಾಯಿಗೂ ಒಂದು ಪಾಲು, ಮನೆಯಲ್ಲಿ ಉಳಿದವನಿಗೆ ಏನೂ ಇಲ್ಲ. ಅದರಂತೆ ಮೊದಲು ಇಳಿದ ಕುಶಾಲಪ್ಪನಿಗೆ ನನ್ನ ಶಿರಸ್ತ್ರಾಣ ಮತ್ತು ಮೊಣಕಾಲವರೆಗಿನ ಬೂಟು. ಬೊಳ್ಳಕ್ಕನಿಗೆ ಕವಚ. ನಾಯಿಗೆ ನನ್ನ ಸೊಂಟದ ಚರ್ಮದ ಚೀಲ. ನನ್ನದೇ ಸೊತ್ತಿನ ಹಂಚಿಕೆಯಲ್ಲಿ, ಗೈರುಹಾಜರಾದ ಕಾರಣಕ್ಕೆ, ನನಗೆ ಪಾಲಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಇದನ್ನೆಲ್ಲ ವರದಿ ಮಾಡಿದ ಕುಶಾಲಪ್ಪ ಕೊನೆಗೆ ಸೇರಿಸಿದ್ದು ಇದು: "ಬೂಟು ನಂಗೆ ಸರೀ ಆತ್, ಸರ್ವೆಯರ್ರೇ."

ನಾನು ಮತ್ತೆ ಆ ಮೇಜಿಗೆ ಹೋಗಲಿಲ್ಲ. ಸ್ನೇಹವನ್ನು ಬಿಡಲಿಲ್ಲ, ಮದುವೆ, ಸಾವು, ಹುತ್ತರಿ ಹಬ್ಬ ಯಾವುದಕ್ಕೂ ತಪ್ಪಿಸಿಲ್ಲ. ಆದರೆ ಗುಹೆಯ ನಕ್ಷೆಯನ್ನು ಹಿಂತಿರುಗಿಸಲಿಲ್ಲ. ಎರಡು ಭಾನುವಾರ ಆಡಿ ಅವರೂ ನಿಲ್ಲಿಸಿದರೆಂದು ಕೇಳಿದೆ.

ಹೀಗೆ ಇರುವಾಗ, ಈಚೆಗೆ ಅಪ್ಪಚ್ಚು ಫೋನ್ ಮಾಡಿದ. ಅವನ ಕಣ್ಣು ಕೆಟ್ಟಿದೆ. ಆಪರೇಷನ್ನು ಆಗಿದೆ, ಫಲವಿಲ್ಲ. ಎದುರು ನಿಂತವರು ಯಾರೆಂದು ತಿಳಿಯುತ್ತದೆ, ಸಣ್ಣ ಅಕ್ಷರ ತಿಳಿಯುವುದಿಲ್ಲ. ತೋಟವನ್ನು ಮಗಳು ನೋಡಿಕೊಳ್ಳುತ್ತಾಳೆ.

"ಮಾರಾಯ, ಪೇಪರು ಓದ್ಲಿಕ್ಕೆ ಆಗುದಿಲ್ಲ, ಟಿವಿ ಕಾಣುದಿಲ್ಲ," ಎಂದ. "ಆದರೆ ಆ ಗುಹೆ ಮಾತ್ರ ಕಣ್ಣು ಮುಚ್ಚಿದರೂ ಕಾಣ್ತದೆ. ನಲ್ವತ್ತು ವರ್ಷ ಆಯ್ತು, ಇವರಿಬ್ಬರು ನಾಯಿ ಕಟ್ಟಿಕೊಂಡು ಇನ್ನೂ ಅದರ ಒಳಗೇ ಇದ್ದಾರೆ. ಸೇತುವೆ ಹೋಯ್ತು, ನಕ್ಷೆ ನಿನ್ನ ಹತ್ರ. ಹೊರಗೆ ಬರ್ಲಿಕ್ಕೆ ದಾರಿ ಗೊತ್ತಿಲ್ಲ. ಅಕ್ಕನಿಗೂ ವಯಸ್ಸಾಯ್ತು. ನಾವು ಮತ್ತೆ ಶುರು ಮಾಡುವನಾ?"

ನನಗೆ ಏನನ್ನಿಸಿತೆಂದು ಬರೆದರೆ ಅದು ದುರುಪಯೋಗವಾಗುವ ಸಂಭವವಿದೆ, ಆದ್ದರಿಂದ ಬರೆಯುವುದಿಲ್ಲ. ಷರತ್ತು ಹಾಕಿದೆ. ಬೋರಯ್ಯನ ಸಾವು ನಿಯಮಬಾಹಿರವೆಂದು ಸಾಬೀತಾದರೆ ಅದನ್ನು ರದ್ದುಪಡಿಸಿ, ಅವನನ್ನು ಬೂಟು ಸಹಿತ ಎಬ್ಬಿಸಬೇಕು. ಆಗದಿದ್ದರೆ ನಾನು ಕೂರುವುದಿಲ್ಲ.

"ಆಯ್ತು," ಎಂದ ಅಪ್ಪಚ್ಚು. "ಈಗ ಯಾವ್ಯಾವುದೋ ಹೊಸ ಪುಸ್ತಕ ಬಂದಿದೆಯಂತೆ, ಮೊಬೈಲಿನಲ್ಲೂ ಇದೆಯಂತೆ. ಯಾವುದು ಬೇಕು ನೀನೇ ನೋಡಿ ಆರಿಸು. ನಿನ್ನಷ್ಟು ಸೂಕ್ಷ್ಮ ನೋಡುವವರು ಯಾರಿದ್ದಾರೆ?"

ಕೊಲೆಯಾದವನನ್ನೇ ತನಿಖಾಧಿಕಾರಿಯನ್ನಾಗಿ ನೇಮಿಸಿದ್ದು ಅವನ ಔದಾರ್ಯವೋ ಅಜಾಗರೂಕತೆಯೋ ನನಗೆ ಈಗಲೂ ತಿಳಿಯದು.

ನನ್ನ ಸೊಸೆ ಸುಮಾ ಕುಶಾಲನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಪುಸ್ತಕ ಹುಡುಕುವುದು ಆಕೆಯ ಕಸುಬು. ಒಂದು ಶನಿವಾರ ಆಕೆಯ ಟ್ಯಾಬ್ಲೆಟ್ ಎದುರಿಗೆ ಕುಳಿತು, ನಾನು ಅಪೇಕ್ಷಿತ ಗುಣಗಳ ಪಟ್ಟಿಯನ್ನು ಓದಿ ಹೇಳಿದೆ. ಆಟಗಾರ ಬಾರದ ದಿನ ಅವನ ಪಾತ್ರವನ್ನು ಏನು ಮಾಡಬೇಕೆಂಬ ನಿಯಮ ಇರಬೇಕು, ಅದು ಎಷ್ಟನೆಯ ಪುಟದಲ್ಲಿದೆಯೆಂದು ಮೊದಲೇ ತಿಳಿಯಬೇಕು. ಹಗ್ಗ, ಸೇತುವೆ, ಕಬ್ಬಿಣದ ಕವಚಗಳ ಬಗ್ಗೆ ಪ್ರತ್ಯೇಕ ವಿವರಣೆ ಇರಬೇಕು. ಸತ್ತವನ ಸೊತ್ತಿನ ವಿಲೇವಾರಿ...

"ಮಾವ," ಎಂದಳು ಸುಮಾ, "ಇದು ಆಟದ ಪುಸ್ತಕ ಕೊಳ್ಳೋದಾ, ಕೋರ್ಟಿಗೆ ಸಾಕ್ಷಿ ಹುಡುಕೋದಾ?"

"ಎರಡಕ್ಕೂ ವ್ಯತ್ಯಾಸವಿಲ್ಲ," ಎಂದೆ.

ಹುಡುಕಾಟದಲ್ಲಿ ತಿಳಿದದ್ದೇನೆಂದರೆ, ನಾವು ಗುಹೆಯಲ್ಲಿ ಸಿಲುಕಿದ್ದ ನಲವತ್ತು ವರ್ಷಗಳಲ್ಲಿ ಲೋಕ ಸುಮ್ಮನಿರಲಿಲ್ಲ. ಅದೇ ಆಟಕ್ಕೆ ಪರಿಷ್ಕರಣೆಯ ಮೇಲೆ ಪರಿಷ್ಕರಣೆ ಬಂದಿದೆ. ಈಚಿನದು ಮೂರು ಸಂಪುಟ. ಪ್ರತಿಯೊಂದೂ ಮದುವೆಯ ಆಲ್ಬಮ್ಮಿನಷ್ಟು ದಪ್ಪ, ಅಷ್ಟೇ ಹೊಳಪು, ತೆಗೆದಲ್ಲೆಲ್ಲ ವರ್ಣಚಿತ್ರ. ನಮ್ಮ ಕಾಲದಲ್ಲಿ ಕೊಂಬಿದ್ದವರು ಶತ್ರುಗಳು. ಈಗ ಕೊಂಬಿದ್ದವರೇ ನಾಯಕರು. ಇರಲಿ, ಕಾಲಧರ್ಮ. ಆದರೆ ಅಕ್ಷರ? ಸಾಸಿವೆ ಕಾಳು. ಬಣ್ಣದ ಕಾಗದದ ಮೇಲೆ ಅಚ್ಚಾದ ಆ ಅಕ್ಷರವನ್ನು ಅಪ್ಪಚ್ಚು ಹೋಗಲಿ, ಅದನ್ನು ಬರೆದವರಾದರೂ ಮತ್ತೊಮ್ಮೆ ಓದಿರುವುದು ಸಂಶಯ.

ಎರಡನೆಯದು ನಮ್ಮ ಹಳೆಯ ಪುಸ್ತಕದ್ದೇ ಮರುಮುದ್ರಣ. ಚಿತ್ರಗಳು ಅವೇ, ಅಚ್ಚಿನ ತಪ್ಪುಗಳು ಅವೇ, ಪುಟಸಂಖ್ಯೆಗಳೂ ಅವೇ. ಹಾಗೆಂದರೆ ನಲವತ್ತೊಂದರಿಂದ ನಲವತ್ತೆಂಟು ಕೂಡ! ಅದನ್ನು ತರಿಸಲು ನಾನು ಸುಮಾಳಿಗೆ ಎಷ್ಟು ಅವಸರದಿಂದ ಹೇಳಿದೆನೆಂದರೆ, ಆಕೆ ಒಂದರ ಬದಲು ಎರಡು ಪ್ರತಿಗಳಿಗೆ ಆರ್ಡರ್ ಒತ್ತಿದಳು. ಒಂದನ್ನು ವಾಪಸು ಕಳುಹಿಸಿದ ವೃತ್ತಾಂತವೇ ಬೇರೆ ಪ್ರಬಂಧ.

ಮೂರನೆಯದು, ಹಳೆಯ ಆಟವನ್ನು ಪ್ರೀತಿಸುವ ಯಾರೋ ಹವ್ಯಾಸಿಗಳು ಸರಳ ಕನ್ನಡದಲ್ಲಿ ಮತ್ತೆ ಬರೆದು, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಬಿಟ್ಟದ್ದು. ಚಿತ್ರವಿಲ್ಲ, ಹೊಳಪಿಲ್ಲ, ಮೂವತ್ತು ಚಿಲ್ಲರೆ ಪುಟ. ಅಕ್ಷರವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು.

ಆಮೇಲೆ ಆ್ಯಪ್‌ಗಳು. ಒಂದರಲ್ಲಿ ಪಾತ್ರ ಕಟ್ಟಲು ಹೊರಟರೆ, ಬೋರಯ್ಯನ ಕೂದಲಿನ ಬಣ್ಣ, ಅವನ ಬಾಲ್ಯದ ದುಃಖ, ಅವನ ಒಳಗಿನ ಭಯ, ಎಲ್ಲವನ್ನೂ ಕೇಳಿತು. ನನಗೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಕೇಳಿರಲಿಲ್ಲ. ಮತ್ತೊಂದು ಆ್ಯಪ್ ಗುಹೆಯನ್ನು ಪರದೆಯ ಮೇಲೆ ತೋರಿಸಿ, ಪಂಜು ಹಿಡಿದಲ್ಲಿ ಮಾತ್ರ ಬೆಳಕು ಬೀಳಿಸುತ್ತದೆ. ಚಂದವೇ. ಆದರೆ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣವಿಲ್ಲ! ಮೂವತ್ತಾರು ವರ್ಷ ಸರ್ಕಾರಿ ನಕ್ಷೆ ಬರೆದವನಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ತಯಾರಕರಿಗೆ ದೂರು ಕಳುಹಿಸಿದ್ದೇನೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಅದೇ ಕ್ಷಣದಲ್ಲಿ ಉತ್ತರ ಬಂತು. ಅಷ್ಟು ಬೇಗ ಬಂದ ಉತ್ತರವನ್ನು ನಾನು ನಂಬುವುದಿಲ್ಲ. ಅದಲ್ಲದೆ ಗಾಳಿಬೀಡಿನ ಆ ಮನೆಯಲ್ಲಿ ಸಿಗ್ನಲ್ ಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಿ ಮಡಿಕೇರಿಯ ಕಡೆಗೆ ಮುಖ ಮಾಡಿ ನಿಲ್ಲಬೇಕು. ರಾಕ್ಷಸ ಮೈಮೇಲೆ ಬಿದ್ದಾಗ ಕಣಕ್ಕೆ ಓಡುವುದು ಯಾವ ಶೌರ್ಯ?

ದಾಳ ಉರುಳಿಸುವ ಆ್ಯಪ್ ಸಹ ಇದೆ. ಇದನ್ನು ಫೋನಿನಲ್ಲಿ ಅಪ್ಪಚ್ಚುವಿಗೆ ತಿಳಿಸಿದಾಗ, ತವರಿಗೆ ಬಂದಿದ್ದ ಬೊಳ್ಳಕ್ಕ ಹಿಂದಿನಿಂದ ಕೂಗಿದ್ದು ಕೇಳಿಸಿತು. "ಚೀಲ ಉಂಟು ಅಂತ ಹೇಳು ಅವನಿಗೆ! ಆಗ ಹೇಗೆ ಇತ್ತೋ ಹಾಗೇ ಇಟ್ಟಿದ್ದೇನೆ. ನನ್ನ ಕೈ ಬಗ್ಗೆ ಇನ್ನೂ ಎಂತ ಹೇಳ್ಲಿಕ್ಕಿದೆ, ಬಂದು ಎದುರಿಗೇ ಹೇಳ್ಲಿ."

ಮರುಮುದ್ರಣ ಬಂತು. ಪೊಟ್ಟಣ ಬಿಚ್ಚಿ, ಕೈತೊಳೆದು, ಕನ್ನಡಕ ಒರೆಸಿ ನಲವತ್ತೊಂದನೆಯ ಪುಟ ತೆಗೆದೆ. ನಲವತ್ತು ವರ್ಷ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದ ನ್ಯಾಯ ನನ್ನ ಎದುರಿಗಿತ್ತು.

ಅದು ಸಾಮಾನುಗಳ ಪಟ್ಟಿ. ಹೇಸರಗತ್ತೆ, ಲಾಂದ್ರ, ಗೋಣಿಚೀಲ, ಬೂಟು ಎತ್ತರದ್ದು, ಬೂಟು ಗಿಡ್ಡದ್ದು. ಹೀಗೆ ಏಳು ಪುಟ. ನಲವತ್ತೆಂಟನೆಯ ಪುಟದ ತಳದಲ್ಲಿ ಮಾತ್ರ, ಆಟಗಾರರು ಬಾರದ ದಿನದ ಬಗ್ಗೆ ಒಂದು ಸಣ್ಣ ಟಿಪ್ಪಣಿ. ಇದು ಎಲ್ಲರಿಗೂ ಬರುವ ತೊಂದರೆ. ಒಂದೊಂದು ಕಡೆ ಒಂದೊಂದು ರೂಢಿಯಿದೆ. ಸ್ನೇಹಿತರು ತಮ್ಮೊಳಗೇ ಮಾತಾಡಿ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಮುಗಿಯಿತು.

ತಮ್ಮೊಳಗೇ ಮಾತಾಡಿ! ಸ್ನೇಹಿತರು ತಮ್ಮೊಳಗೆ ಮಾತಾಡಿದ್ದರಿಂದಲೇ ಅಲ್ಲವೇ ನಾನು ಸತ್ತದ್ದು?

ನಾನು ಬಿಡಲಿಲ್ಲ. ಹೊಸ ಮೂರು ಸಂಪುಟಗಳನ್ನು ಸುಮಾ ಬೇರೊಬ್ಬರಿಂದ ಎರವಲು ತಂದುಕೊಟ್ಟಳು. ಅಲ್ಲಿ ಅದೇ ಮಾತು ಒಂದೂವರೆ ಪುಟದಷ್ಟು, ಚಿತ್ರ ಸಮೇತ. ಹವ್ಯಾಸಿಗಳ ಪುಸ್ತಕದಲ್ಲಿ ಒಂದೇ ವಾಕ್ಯ. ಅಂತರ್ಜಾಲದ ಚರ್ಚಾಕಟ್ಟೆಯೊಂದರಲ್ಲಿ ಈ ಒಂದೇ ಪ್ರಶ್ನೆಯ ಮೇಲೆ ನಾನಾ ದೇಶದವರು ಪುಟಗಟ್ಟಲೆ ಬಡಿದಾಡಿದ್ದಾರೆ. ಮಗುವಿಗೆ ಜ್ವರ ಬಂದು ಮನೆಯಲ್ಲುಳಿದ ದಿನ ತನ್ನ ಪಾತ್ರವನ್ನು ಕೊಂದರೆಂದು ಒಬ್ಬ ಬರೆದಿದ್ದ. ಅಪರಿಚಿತನ ದುಃಖಕ್ಕೆ ನನ್ನ ಕಣ್ಣು ತೇವವಾದದ್ದು ಅದೇ ಮೊದಲು.

ಹೀಗೆ ಕಾನೂನಿನ ದಾರಿ ಮುಚ್ಚಿದ ಮೇಲೆ ನಾನು ನಕ್ಷೆಯನ್ನು ತೆಗೆಯಲು ಹಳೆಯ ಟ್ರಂಕು ಬಿಚ್ಚಿದೆ. ಸೇತುವೆಯ ಉದ್ದವನ್ನು ನಾನೇ ಬರೆದಿದ್ದೆ. ಅದರಿಂದೇನಾದರೂ ಹೊಸ ವಾದ ಹುಟ್ಟೀತು ಎಂಬ ಆಸೆ. ನಕ್ಷೆ ಸಿಕ್ಕಿತು, ಒಂದು ಮಡಿಕೆಯೂ ಸುಕ್ಕಾಗದೆ. ಅದರ ಅಡಿಯಲ್ಲಿ ನನ್ನ ಮಸಿಕಡ್ಡಿಗಳ ಡಬ್ಬಿ. ಡಬ್ಬಿಯಲ್ಲಿ ಟ್ರೇಸಿಂಗ್ ಕಾಗದದಲ್ಲಿ ಸುತ್ತಿದ ಏನೋ ಒಂದು ದುಂಡನೆಯ ವಸ್ತು. ಕಾಗದದ ಮೇಲೆ ನನ್ನದೇ ಅಕ್ಷರ, ನನ್ನದೇ ಅಡಿಗೆರೆ: "ಅಂಕಿ ಮಾಸಿದೆ. ಮಸಿ ತಿದ್ದಿ ಭಾನುವಾರದೊಳಗೆ ಚೀಲಕ್ಕೆ ಸೇರಿಸತಕ್ಕದ್ದು."

ಬಿಚ್ಚಿದೆ. ಮರದ ಬಿಲ್ಲೆ. ಇಪ್ಪತ್ತು.

ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮಸಿ ತಿದ್ದಿದ್ದು ಚೆನ್ನಾಗಿಯೇ ಇತ್ತು. ಸೊನ್ನೆ ಎಲ್ಲೂ ಒಡೆದಿರಲಿಲ್ಲ. ಬಾಳೆಲೆಗೆ ಹೊರಡುವ ಅವಸರದಲ್ಲಿ ಡಬ್ಬಿಯನ್ನು ಹೆಗಲಚೀಲಕ್ಕೆ ಹಾಕಿಕೊಂಡದ್ದು ಈಗ ನೆನಪಿಗೆ ಬಂತು. ಬೊಳ್ಳಕ್ಕ ಮೂರು ಸಲ ಕೈಹಾಕಿ, ಅಲ್ಲಿ ಇಲ್ಲದ್ದನ್ನು ಹುಡುಕುತ್ತಿದ್ದಾಗ, ಅದು ನನ್ನ ಹೆಗಲ ಮೇಲೆ ತೂಗುತ್ತಿತ್ತು. ಮೂರು ಸಲವಲ್ಲ, ಮುನ್ನೂರು ಸಲ ಹಾಕಿದ್ದರೂ ಅಷ್ಟೇ.

"ಏನಾಯ್ತು ಮಾವ?" ಎಂದು ಸುಮಾ ಬಾಗಿಲಲ್ಲಿ ನಿಂತಳು. ಹೇಳಿದೆ. ಆಕೆ ನಗಲಿಲ್ಲ. ಅದು ನನಗೆ ಹೆಚ್ಚು ಕಷ್ಟವಾಯಿತು.

"ಯಾರಿಗೂ ಗೊತ್ತಾಗಲ್ಲ," ಎಂದಳು. "ಕೂತ್ಕೊಂಡಾಗ ಮೆಲ್ಲಗೆ ಚೀಲದೊಳಗೆ ಬಿಟ್ಟುಬಿಡಿ."

ಆಕೆ ನನ್ನನ್ನು ಪರೀಕ್ಷಿಸುತ್ತಿದ್ದಳೆಂದು ಈಗ ತಿಳಿಯುತ್ತದೆ. ಆಗ ಮಾತ್ರ ನಾನು ಆ ಸಲಹೆಯನ್ನು, ನಾಚಿಕೆಯಾಗುವಷ್ಟು ಹೊತ್ತು, ಪರಿಶೀಲಿಸಿದೆ.

ಭಾನುವಾರ ಗಾಳಿಬೀಡಿಗೆ ಹೋದೆ. ಸುಮಾಳೇ ಕಾರು ಓಡಿಸಿದಳು. ಹವ್ಯಾಸಿಗಳ ತೆಳು ಪುಸ್ತಕವನ್ನು ಆಕೆ ಕಾಲೇಜಿನ ಹತ್ತಿರದ ಅಂಗಡಿಯಲ್ಲಿ, ಕಡಲೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದ್ದಳು. ಟ್ಯಾಬ್ಲೆಟ್ಟಿನಲ್ಲೂ ಅದನ್ನು ಇಳಿಸಿ, ಬೇಕಾದ ಕಡೆ ಬೆರಳಿಟ್ಟರೆ ಓದಿ ಹೇಳುವಂತೆ ಮಾಡಿದ್ದಳು. ಮೂರು ಸಂಪುಟಗಳಿಗೂ ಎಲ್ಲ ಆ್ಯಪ್‌ಗಳಿಗೂ ಬದಲಾಗಿ ನಾನು ಕೊನೆಗೆ ಆರಿಸಿದ್ದು ಇದನ್ನೇ. ಅಪ್ಪಚ್ಚು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗಿಸಿ, "ಗು... ಹೆ," ಎಂದು ಓದಿದ. ಆಮೇಲೆ ಇನ್ನೊಂದು ಪದ ಓದಿದ. ಆಮೇಲೆ ಕಣ್ಣೊರೆಸಿಕೊಂಡು, "ಕಣ್ಣಲ್ಲಿ ನೀರು ಬರ್ತದೆ, ಆಪರೇಷನ್ ಆದ ಮೇಲೆ ಹಾಗೇ," ಎಂದ. ನಾನು ಅದನ್ನು ಪ್ರಶ್ನಿಸಲಿಲ್ಲ.

ಕುಶಾಲಪ್ಪ ಬಂದಿದ್ದ, ಹಲ್ಲುಗಳಲ್ಲಿ ಅರ್ಧವನ್ನು ಕಳೆದುಕೊಂಡು. "ಎಂಥ ಸರ್ವೆಯರ್ರೇ, ಬೂಟು ಕೇಳ್ಳಿಕ್ಕೆ ಬಂದದ್ದಾ?"

"ತನಿಖಾ ವರದಿ ಓದು ಮೊದಲು," ಎಂದ ಅಪ್ಪಚ್ಚು.

ಎದ್ದು ನಿಂತು ಓದಿದೆ. ಎಂಟು ಪುಟಗಳಲ್ಲಿ ಹೇಸರಗತ್ತೆ ಇತ್ತು, ನ್ಯಾಯವಿರಲಿಲ್ಲ ಎಂಬ ಭಾಗಕ್ಕೆ ಎಲ್ಲರೂ ನಕ್ಕರು. ಬೊಳ್ಳಕ್ಕ ಮಾತ್ರ ನಗಲಿಲ್ಲ. ಮಡಿಲಲ್ಲಿದ್ದ ಖಾಕಿ ಚೀಲವನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಳ್ಳಿದಳು.

"ತೆಗಿ. ನಿನ್ನ ಕೈಯಲ್ಲೇ ತೆಗಿ. ಚೆನ್ನಾಗಿ ಕುಲುಕು ಮತ್ತೆ."

ನನ್ನ ಬಲಗೈ ಅಂಗಿಯ ಜೇಬಿನಲ್ಲಿತ್ತು. ಬಿಲ್ಲೆ ಬೆರಳ ನಡುವೆ ಬೆಚ್ಚಗಾಗಿತ್ತು. ಚೀಲದ ಬಾಯಿ ದೊಡ್ಡದು. ಕೈಹಾಕಿ ತೆಗೆದರೆ ಇಪ್ಪತ್ತೇ ಬರುತ್ತಿತ್ತು. ಬೋರಯ್ಯ ಬೂಟು ಸಹಿತ ಎದ್ದು ಕೂರುತ್ತಿದ್ದ. ನಲವತ್ತು ವರ್ಷದ ವಾದವನ್ನು ನಾನು ಗೆಲ್ಲುತ್ತಿದ್ದೆ. ಮತ್ತು ಬೊಳ್ಳಕ್ಕನ ಕೈ ಎಂದೆಂದಿಗೂ ಕೆಟ್ಟ ಕೈಯಾಗಿ ಉಳಿಯುತ್ತಿತ್ತು.

ಬಿಲ್ಲೆಯನ್ನು ತೆಗೆದು, ಟ್ರೇಸಿಂಗ್ ಕಾಗದದ ಸಮೇತ, ಮೇಜಿನ ಮೇಲಿಟ್ಟೆ.

ಅಪ್ಪಚ್ಚು ಕೈಚಾಚಿ ತಡವಿದ. ಹೆಬ್ಬೆರಳಿನಿಂದ ಅಂಕಿಯನ್ನು ಸವರಿದ. "ಇಪ್ಪತ್ತು," ಎಂದ. ಕುಶಾಲಪ್ಪ ಕಾಗದವನ್ನು ಗಟ್ಟಿಯಾಗಿ ಓದಿದ. "ಭಾನುವಾರದೊಳಗೆ" ಎಂಬಲ್ಲಿ ಅವನ ದನಿ ತಾನಾಗಿ ಇಳಿಯಿತು.

"ಮೂರು ಸಲ ಹಾಕಿದೆ," ಎಂದಳು ಬೊಳ್ಳಕ್ಕ, ಬಹಳ ಮೆಲ್ಲಗೆ. "ಮೂರನೇ ಸಲ ದೇವರಿಗೆ ಹರಕೆ ಹೇಳಿ ಹಾಕಿದೆ. ಮಗನ ಮದುವೆಯಲ್ಲಿ ಬೀಗರ ಎದುರು ನೀನು ಹೇಳಿದೆಯಲ್ಲ. ಆಮೇಲೆ ಆ ಬೀಗರ ಮನೆಯಲ್ಲಿ ನಾನು ಯಾರಿಗೂ ಊಟ ಬಡಿಸಿಲ್ಲ ಗೊತ್ತುಂಟಾ ನಿನಗೆ?"

ಗೊತ್ತಿರಲಿಲ್ಲ. ಎಲ್ಲರ ತಪ್ಪನ್ನೂ ತಾರೀಖು ಸಹಿತ ಬಲ್ಲ ನನಗೆ ಇದೊಂದು ಗೊತ್ತಿರಲಿಲ್ಲ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಬಿಲ್ಲೆಯನ್ನು ಚೀಲಕ್ಕೆ ಹಾಕಿ, ಹಗ್ಗ ಬಿಗಿದು, ಆಕೆಯ ಕಡೆಗೇ ತಳ್ಳಿದೆ.

"ನೀನೇ ತೆಗಿ ಬೊಳ್ಳಕ್ಕ. ನನ್ನ ಪರವಾಗಿ. ನಿನ್ನ ಕೈಯಲ್ಲಿ ಏನು ಬಂದರೂ ನನಗೆ ಒಪ್ಪಿಗೆ."

ಆಕೆ ನನ್ನ ಮುಖ ನೋಡಿದಳು. ಆಮೇಲೆ ಚೀಲವನ್ನು ಕುಲುಕಿದಳು. ಬೇಕೆಂದೇ, ಗಡಗಡನೆ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುಲುಕಿ ತೆಗೆದಳು. ನಾಲ್ಕು.

"ಮೂರು ಸಲ ಅಂತ ಅವತ್ತೇ ಆದದ್ದು," ಎಂದ ಅಪ್ಪಚ್ಚು.

ಹನ್ನೆರಡು. ಮತ್ತೆ ಕುಲುಕು. ಹತ್ತೊಂಬತ್ತು.

"ಒಂದ್ ಕಮ್ಮಿ ಆತಲ್ಲ ಸರ್ವೆಯರ್ರೇ," ಎಂದು ಕುಶಾಲಪ್ಪ ನಿಟ್ಟುಸಿರಿಟ್ಟ. ಆ ನಿಟ್ಟುಸಿರು ಪ್ರಾಮಾಣಿಕವಾಗಿತ್ತು; ಆದರೆ ಬೂಟು ಉಳಿದ ಸಂತೋಷವೂ ಅದರಲ್ಲಿ ಇಲ್ಲದೆ ಇರಲಿಲ್ಲ.

ಹೀಗೆ ದಳವಾಯಿ ಬೋರಯ್ಯ ಎರಡನೆಯ ಸಲ ತೀರಿಕೊಂಡ. ಈ ಬಾರಿ ನನ್ನ ಸಮಕ್ಷಮದಲ್ಲಿ, ಪೂರ್ತಿ ಇಪ್ಪತ್ತು ಬಿಲ್ಲೆಗಳ ಸಾಕ್ಷಿಯಲ್ಲಿ. ಬೊಳ್ಳಕ್ಕ ಎದ್ದು ಒಳಗೆ ಹೋಗಿ ಅಕ್ಕಿತರಿಯ ಉಂಡೆ ಕಡಂಬಿಟ್ಟು ತಂದು, ತನ್ನ ಕೈಯಾರೆ ನನ್ನ ತಟ್ಟೆಗೆ ಬಡಿಸಿದಳು. ಬೇಡವೆಂದರೂ ಮತ್ತೆರಡು ಹಾಕಿದಳು. ಎಲ್ಲವನ್ನೂ ತಿಂದೆ.

ಆಮೇಲೆ ನನ್ನ ಗತಿಯೇನೆಂಬ ಪ್ರಶ್ನೆ ಬಂತು. ಸೇತುವೆ ಮುರಿದ ಗುಹೆಗೆ ಹೊಸಬನೊಬ್ಬ ಬರುವಂತಿಲ್ಲ ಎಂದು ಅಪ್ಪಚ್ಚು ತೀರ್ಪು ಕೊಟ್ಟ. ಪುಸ್ತಕವೂ ಅವನ ಪರವಾಗಿಯೇ ಇತ್ತು, ಟ್ಯಾಬ್ಲೆಟ್ ಅದನ್ನು ಗಟ್ಟಿಯಾಗಿ ಓದಿಯೂ ಹೇಳಿತು. ಒಳಗೆ ಇದ್ದು ಯಾರೂ ಆಡದೆ ಉಳಿದಿರುವ ಜೀವವೆಂದರೆ ನಾಯಿ ಒಂದೇ. ಇನ್ನು ಮೇಲೆ ಆ ನಾಯಿಯೆಂದರೆ ನಾನೇ. ಬೋರಯ್ಯನ ಸೊಂಟದ ಚೀಲ ಅದರ ಕುತ್ತಿಗೆಯಲ್ಲಿ ಈಗಲೂ ಇದೆ. ನನ್ನ ಸೊತ್ತಿನಲ್ಲಿ ನನಗೆ ಪಾಲು ಸಿಕ್ಕಿದ್ದು ಹೀಗೆ.

ಆದ್ದರಿಂದ ಮುಂದಿನ ದಾರಿಯನ್ನು ನಾಯಿಯೇ ತೋರಿಸಬೇಕು. ತೋರಿಸುತ್ತದೆ; ನಕ್ಷೆ ಅದರ ಹತ್ತಿರ ಇದೆ, ಉತ್ತರ ದಿಕ್ಕು ಎಲ್ಲಿದೆಯೆಂದು ಅದಕ್ಕೆ ಗೊತ್ತು. ಬಿಲ್ಲೆಯನ್ನು ಹೊತ್ತುಕೊಂಡು ಹೋದ ತಪ್ಪು ನನ್ನದೆಂದು ಈ ಮೂಲಕ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದೇನೆ. ಬೊಳ್ಳಕ್ಕನ ಬೀಗರಿಗೆ ಇದರ ಒಂದು ಪ್ರತಿಯನ್ನು ಕಳುಹಿಸುತ್ತಿದ್ದೇನೆ. ಆದರೆ ನಾಯಿ ಎದ್ದು ಮೊದಲ ಹೆಜ್ಜೆ ಇಡುವ ಮುನ್ನ ಅಪ್ಪಚ್ಚು, ಬೊಳ್ಳಮ್ಮ, ಕುಶಾಲಪ್ಪ, ಈ ಮೂವರೂ ಒಂದು ಮಾತಿಗೆ ಉತ್ತರ ಕೊಡಬೇಕು. ಒಬ್ಬ ಮನುಷ್ಯನ ಪ್ರಾಣ ಆ ಒಂದು ಚೀಲದಲ್ಲಿತ್ತು. ಎಣಿಸುವವನು ಊರಲ್ಲಿಲ್ಲವೆಂದು ನಿಮಗೆ ತಿಳಿದಿತ್ತು. ಕೈಹಾಕುವ ಮೊದಲು, ಒಳಗೆ ಇಪ್ಪತ್ತು ಬಿಲ್ಲೆಗಳಿವೆಯೋ ಇಲ್ಲವೋ ಎಂದು ನಿಮ್ಮಲ್ಲಿ ಒಬ್ಬರಾದರೂ ಎಣಿಸಿ ನೋಡಿದಿರಾ?